ಹಾಟ್ ಪ್ರೆಸ್ಸಿನಲ್ಲಿ ರಾಗಿ ಗಂಟು

ಕೋವಿಡ್‌ನ ಮೊದಲ ಚಳಿಗಾಲ. ಲೂಕನ್ ಎಂಬ ಐರಿಶ್ ಊರಿನ ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಯೆತ್ತರದ ಮರದ ಬೇಲಿ. ಮಾತೆಲ್ಲ ಅದರ ಮೇಲಿಂದಲೇ. ಆಚೆಯವಳು ಜಿಂಬಾಬ್ವೆಯಿಂದ ಬಂದವಳು. ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ. ಡ್ಯೂಟಿ ಮುಗಿಸಿ ಬಂದ ಮೇಲೂ ಮೂಗಿನ ಮೇಲೆ ಮಾಸ್ಕಿನ ಗೆರೆ ಬಹಳ ಹೊತ್ತು ಉಳಿದಿರುತ್ತಿತ್ತು. ಅವಳ ಇಂಗ್ಲಿಷು ನನ್ನ ಕಿವಿಗೆ ಕನ್ನಡವಾಗಿಯೇ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಬೇಲಿಯ ಮೇಲೆ ರಾಗಿ ಗಂಜಿಯ ಲೋಟ ಇಟ್ಟು ಹಿಂದೆ ಸರಿದು ನಿಂತೆ. "ಕುಡಿ. ಇದು ನಮ್ಮ ಕಡೇದು, ನಿನಗೆ ಗೊತ್ತಿರಲ್ಲ," ಎಂದೆ, ಕೊಂಚ ಜಂಬದಿಂದಲೇ.

ಒಂದು ಗುಟುಕು ಕುಡಿದು ಅವಳು ಲೋಟವನ್ನೇ ನೋಡಿದಳು. "ನಿಮ್ಮ ಕಡೇದಾ? ಇದು ನಮ್ಮಮ್ಮನ ಅಟ್ಟದ ಮೇಲಿದೆ ಕಣೇ!"

ನಕ್ಕಳು, ಆಮೇಲೆ ನಗು ಆರಿತು. ಹಳ್ಳಿಯಲ್ಲಿ ಅವಳ ತಾಯಿ ಮೊದಲ ಮಳೆಗೆ ಜೋಳ ಬಿತ್ತಿದ್ದರಂತೆ. ಮೆಕ್ಕೆಜೋಳ. ಗೇಣುದ್ದ ಬಂದ ಪೈರು ಬಿಸಿಲಿಗೆ ಸುಟ್ಟುಹೋಯಿತು.

"ಮೊದಲೆಲ್ಲ ಮಳೆ ಹೇಳಿದ ಹೊತ್ತಿಗೆ ಬರ್ತಿತ್ತು. ಈಗ ಅದಕ್ಕೆ ಮನಸ್ಸು ಬಂದಾಗ. ನಿನ್ನೆ ಮತ್ತೆ ಸುರಿದಿದೆ. ಜೋಳದ ಬೀಜ ತರೋಣ ಅಂದ್ರೆ ಲಾಕ್‌ಡೌನ್, ಪೇಟೆಗೆ ಬಸ್ಸಿಲ್ಲ. ಇರೋದು ಒಂದು ಮಡಕೆ ರಾಗಿ, ಮೂರು ವರ್ಷ ಹಳೇದು. ಅದೇ ಊಟ. ಅದನ್ನ ಬಿತ್ತಿ ಹುಟ್ಟದೇ ಹೋದ್ರೆ ಊಟಾನೂ ಹೋಯ್ತು, ಮಳೆನೂ ಹೋಯ್ತು. ತಿನ್ನಮ್ಮಾ ಅಂತೀನಿ ನಾನು, ಬಿತ್ತೀನಿ ಅಂತಾಳೆ ಅವಳು."

ನನಗೆ ಫಕ್ಕನೆ ಹೊಳೆಯಿತು. ಮಗಳು ಕೂಸಾಗಿದ್ದಾಗ ರಾಗಿಸರಿಗೆಂದು ಎಷ್ಟು ಮೊಳಕೆಗಂಟು ಕಟ್ಟಿಲ್ಲ ನಾನು! "ಒಂದು ಹಿಡಿ ನೆನೆಸಿ ಒದ್ದೆ ಬಟ್ಟೇಲಿ ಕಟ್ಟಿಡೋಕೆ ಹೇಳು. ಕಾಳಲ್ಲಿ ಜೀವ ಇದ್ಯೋ ಇಲ್ವೋ ಗೊತ್ತಾಗುತ್ತೆ."

ಅವಳು ಅಲ್ಲೇ ಫೋನ್ ಹಚ್ಚಿದಳು. ಆ ಕಡೆಯಿಂದ ಗಟ್ಟಿಯಾದ ನಗು. ಅವಳೂ ನಗು ತಡೆಯುತ್ತ ನನಗೆ ಹೇಳಿದಳು: "ನಂಗೇ ಪಾಠ ಹೇಳೋ ಆ ಟೀಚರಮ್ಮಂಗೆ ಹೇಳು, ನಾನು ಬೆಳಿಗ್ಗೆನೇ ಕಟ್ಟಿಟ್ಟಾಯ್ತು ಅಂತಾಳೆ. ಹಳೇ ಕಾಳು, ಎರಡು ರಾತ್ರಿ ಬೇಕಂತೆ."

ಕಿವಿ ಬಿಸಿಯಾಯಿತು. ಆದರೂ ಸುಮ್ಮನಿರಲಾರದೆ ನಾನೂ ಬೆಂಗಳೂರಿನಿಂದ ತಂದ ರಾಗಿಯನ್ನು ನೆನೆಸಿ, ಕಟ್ಟಿ, ಅಡಿಗೆಮನೆಯ ಕಿಟಕಿಯಲ್ಲಿಟ್ಟೆ. ಮರುದಿನ ಬಿಚ್ಚಿದರೆ ಒಂದೇ ಒಂದು ಮೊಳಕೆಯಿಲ್ಲ. ಹೊಸ ರಾಗಿಯ ಗತಿಯೇ ಹೀಗಾದರೆ ಆ ಮಡಕೆಯದು?

"ಮಮ್, ಇಟ್ಸ್ ಗ್ರ್ಯಾಂಡ್. ಇಟ್ಸ್ ಜಸ್ಟ್ ಸೀಡ್ಸ್," ಎಂದಳು ಮಗಳು, ಆನ್‌ಲೈನ್ ಕ್ಲಾಸಿನಿಂದ ತಲೆಯೆತ್ತದೆ. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಅಂದರೆ 'ಏನೂ ಆಗಿಲ್ಲ ಬಿಡು' ಅಂತ.

ಬೇಲಿಯ ಬಳಿ ಓಡಿದೆ. ವಿಡಿಯೋದಲ್ಲಿ ಗೆಳತಿಯ ತಾಯಿ ನನ್ನ ಗಂಟನ್ನು ನೋಡಿ, ಅವಳ ಮೂಲಕ ಕೇಳಿದರು: "ಎಲ್ಲಿಟ್ಟಿದ್ದೆ?"

"ಕಿಟಕೀಲಿ."

"ಆ ಚಳೀಲಾ? ಕೋಳಿ ಕಾವಿಗೆ ಕೂರೋ ಜಾಗ ಮುಟ್ಟಿ ನೋಡಿದ್ದೀಯಾ? ಅಷ್ಟು ಬಿಸಿ ಬೇಕು."

ನಮ್ಮನೆಯಲ್ಲಿ ಅಷ್ಟು ಬಿಸಿಯಿರುವುದು ಒಂದೇ ಕಡೆ: ಬಿಸಿನೀರಿನ ಟ್ಯಾಂಕ್ ಇರುವ, ಬಟ್ಟೆ ಒಣಗಿಸುವ ಬೀರು, ಇಲ್ಲಿ ಅದಕ್ಕೆ ಹಾಟ್ ಪ್ರೆಸ್ ಅನ್ನುತ್ತಾರೆ. ಟವೆಲ್ಲುಗಳ ನಡುವೆ ಗಂಟನ್ನು ಮಲಗಿಸಿದೆ. ಆ ದಿನ ಅದೆಷ್ಟು ಸಲ ಬಾಗಿಲು ತೆರೆದೆನೋ! ಮೂಗಿಗೆ ಹಸಿ ರಾಗಿಯ ವಾಸನೆ, ಸೋಪಿನ ಜೊತೆ ಬೆರೆತು.

ಮೂರನೆಯ ಬೆಳಿಗ್ಗೆ ಇಬ್ಬರೂ ಬೇಲಿಗೆ ಅಂಟಿಕೊಂಡೆವು, ಎರಡು ಮೀಟರಿನ ಅಂತರ ಮರೆತು. ಫೋನಿನಲ್ಲಿ ಒಂದು ಜೊತೆ ಕೈ, ಉಗುರುಗಳಲ್ಲಿ ಮಣ್ಣು. ಗಂಟು ಬಿಚ್ಚಿತು. ಬಟ್ಟೆಯ ತುಂಬ ಬಿಳಿ ಬಿಳಿ ಎಳೆ. ಅಲ್ಲೊಂದು ಇಲ್ಲೊಂದು ಸತ್ತ ಕಾಳು, ಅಷ್ಟೆ.

ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದ ಮೊದಲ ಪಾಠ, ದನಿ ಎತ್ತಬಾರದು. ನಾನು ಕಿರುಚಿದ ರಭಸಕ್ಕೆ ಹಿಂದಿನ ಮನೆಯ ಅಜ್ಜ ಕಿಟಕಿ ತೆರೆದರು.

"ಅಮ್ಮಾ, ಬಿತ್ತು," ಎಂದಳು ಗೆಳತಿ. ತಿನ್ನು ಎಂದವಳು ಅವಳೇ.

"ನೀನು ಹೇಳ್ಬೇಕಾ? ಟೀಚರಮ್ಮಂದು ತೋರ್ಸು ಮೊದಲು."

ನನ್ನದನ್ನು ಬಿಚ್ಚಿದೆ. ಮೊಳಕೆ ಇತ್ತು! ಕೂಸಿನ ಹಲ್ಲಿನಂತೆ ಆಗತಾನೇ ಕಾಣಿಸಿಕೊಂಡಿತ್ತು.

ತಾಯಿ ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು. "ಪರವಾಗಿಲ್ಲ, ಕಲಿತಾಳೆ," ಎಂದರು. "ಸರಿ, ಫೋನ್ ಇಡಿ. ಮಾತಾಡ್ತಾ ನಿಂತ್ರೆ ನೆಲ ಒಣಗುತ್ತೆ."

ಪರದೆಯಲ್ಲಿ ಒಂದು ಕ್ಷಣ ಆಕಾಶ ತೂಗಿತು, ಗುದ್ದಲಿಯ ಹಿಡಿ ಕಾಣಿಸಿತು, ಫೋನ್ ಕಟ್ಟಾಯಿತು.