ಗಿಣ್ಣು ಕೇಳದ ಹೀರೋ

ಸ್ನೇಹಿತರೇ, ಒಬ್ಬ ಹೆಂಗಸು ಹಸು, ಕುದುರೆ, ನಾಯಿ ಸಾಕುವ ಹುಡುಗನ ಪ್ರೇಮದ ಕಾದಂಬರಿ ಓದಿದರೆ ಯಾರಪ್ಪನ ಮನೆ ಗಂಟು ಹೋಗುತ್ತದೆ, ಹೇಳಿ!

ಇವತ್ತು ಬೆಳಗ್ಗೆ ನಮ್ಮ ಯಜಮಾನರು ನನ್ನ ಪುಸ್ತಕದ ರಟ್ಟು ನೋಡಿ ನಕ್ಕರು. ಅದರ ಮೇಲೆ ಟೋಪಿ ಹಾಕಿದ ಯುವಕನೊಬ್ಬ ಎಳೆಗರುವನ್ನು ಎತ್ತಿಕೊಂಡಿದ್ದಾನೆ. "ಇದೇನೇ, ದನ ಕಾಯೋನ ಲವ್ ಸ್ಟೋರಿನಾ? ನಮ್ ಕೊಡಿಗೇನಹಳ್ಳೀಲಿ ಇಂಥೋರು ಮನೆಗೊಬ್ರು ಅವ್ರೆ ಕಣೇ!" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕೊಟ್ಟಿಗೆಯಿಂದ ಅತ್ತೆ ಕೂಗಿದರು. ನಮ್ಮ ಗೌರಿ ಕರು ಹಾಕುತ್ತಿದ್ದಳು. ಅತ್ತೆ ಕರುವಿನ ಕಾಲು ಹಿಡಿದು ಎಳೆದರು, ನಾನು ಗೌರಿಯ ಕತ್ತಿನ ಗಂಗೆದೊಗಲು ಸವರುತ್ತಾ ನಿಂತೆ. ಯಜಮಾನರು? ಇಸ್ತ್ರಿ ಪ್ಯಾಂಟಿಗೆ ಸಗಣಿ ತಾಗೀತೆಂದು ಬಾಗಿಲಲ್ಲೇ ನಿಂತು ಫೋಟೊ ತೆಗೆದರು. ಕರು ಎದ್ದು ನಿಲ್ಲುವ ಮೊದಲೇ, "ಗಿಣ್ಣು ಯಾವಾಗ ಮಾಡ್ತೀಯಾ? ಏಲಕ್ಕಿ ಜಾಸ್ತಿ ಹಾಕು" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ ಪುಸ್ತಕದೋನು ಅಂಗಿ ತೋಳು ಮಡಚ್ಕೊಂಡು ಹಸು ಪಕ್ಕದಲ್ಲೇ ಕೂರ್ತಾನೆ. ಗಿಣ್ಣು ಕೇಳಲ್ಲ!" ಅಂತ ಕೂಗಿಬಿಟ್ಟೆ.

ಅತ್ತೆ ತಲೆಯೆತ್ತಿ ನನ್ನನ್ನೇ ನೋಡಿದರು. ಮಗನನ್ನು ಅಂದಿದ್ದಕ್ಕೆ ಈಗ ಬೈಗುಳ ಗ್ಯಾರಂಟಿ ಅಂದುಕೊಂಡೆ.

"ಕರು ಹಾಕಿದ ಮ್ಯಾಲೆ ಮಾಸು ಬೀಳೋಗಂಟ ಕೂರ್ತಾನೇನಮ್ಮ?"

"ಕೂರ್ತಾನೆ ಅತ್ತೆ."

"ನಿಮ್ಮಾವ ಒಂದಿನಾನೂ ಕೂತಿಲ್ಲ ಕಣಮ್ಮ. ನಂಗೂ ವಸಿ ಓದಿ ಹೇಳು."

ಈಗ ಕೊಟ್ಟಿಗೆಯಲ್ಲಿ ಮೂರನೇ ಅಧ್ಯಾಯ ನಡೆಯುತ್ತಿದೆ. ಗಿಣ್ಣಿನ ಹಾಲು ಇನ್ನೂ ಒಲೆಗೇರಿಲ್ಲ.