ಶಿಮೆ ತಿರುಗಿಸಿ ಹಾಕಿದ ಫ್ಯಾನುಗಳು

ಆಸ್ಟ್ರೇಲಿಯಾದ ಮರುಭೂಮಿಯ ಗಣಿ ಊರು ಕೂಬರ್ ಪೀಡಿಯಲ್ಲಿ, ಗುಡ್ಡದೊಳಗೆ ಕೊರೆದ ಮನೆಯಲ್ಲಿ ಶಿಮೆ ಒಬ್ಬನೇ ಇದ್ದ. ವಯಸ್ಸು ಎಪ್ಪತ್ತೆರಡು. ಮೂವತ್ತು ವರ್ಷ ಗೆಳೆಯ ಲೆಫ್ಟೆರಿಯ ಜೊತೆ ಓಪಲ್ ಎಂಬ ರತ್ನದ ಕಲ್ಲಿಗಾಗಿ ನೆಲ ಬಗೆದಿದ್ದ. ಲೆಫ್ಟೆರಿಗೆ ಈಗ ನಡೆಯಲಾಗದು, ದೂರದ ಅಡಿಲೇಡಿನ ಆರೈಕೆ ಮನೆಯಲ್ಲಿದ್ದಾನೆ. ಭಾನುವಾರ ಮಧ್ಯಾಹ್ನ ಇಬ್ಬರೂ ಕಂಪ್ಯೂಟರಿನಲ್ಲಿ ಒಬ್ಬರ ದನಿ ಒಬ್ಬರು ಕೇಳುತ್ತ ಚದುರಂಗ ಆಡುತ್ತಿದ್ದರು. ಇಡೀ ವಾರದಲ್ಲಿ ಶಿಮೆ ಬಾಯಿತುಂಬ ಮಾತಾಡುತ್ತಿದ್ದುದು ಆಗ ಮಾತ್ರ.

ಈಚೆಗೆ ಆಟ ಅರ್ಧಕ್ಕೆ ಬರುವಷ್ಟರಲ್ಲಿ ಶಿಮೆಯ ಕಂಪ್ಯೂಟರು ಬಿಸಿಯಾಗಿ ತಾನೇ ಆರಿಹೋಗುತ್ತಿತ್ತು. ಮೂರನೆಯ ವಾರವೂ ಹಾಗಾದಾಗ ಲೆಫ್ಟೆರಿ ಫೋನು ಮಾಡಿದ.

"ನೀನು ಸೋಲೋ ಹೊತ್ತಿಗೆ ಸರಿಯಾಗಿ ಸಾಯುತ್ತಲ್ಲೋ ನಿನ್ನ ಡಬ್ಬ!"

"ನಾನೆಲ್ಲಿ ಸೋಲ್ತಿದ್ದೆ? ನಿನ್ನ ರಾಣಿ ಹೋಗೋದ್ರಲ್ಲಿತ್ತು."

"ಥೂ, ಸುಳ್ಳ! ಕೇಳಿಲ್ಲಿ, ಪಕ್ಕದ ಕೋಣೆಗೆ ಒಬ್ಬ ಮೇಷ್ಟ್ರು ಬಂದಿದ್ದಾರೆ. ಆಡೋಣ ಬನ್ನಿ ಅಂತ ದಿನಾ ಕರೀತಾರೆ. ತಿಂಗಳ ಕೊನೇ ಭಾನುವಾರದ ತನಕ ನೋಡ್ತೀನಿ. ಆಮೇಲೆ ಅವರ ಜೊತೆನೇ ಕೂತ್ಕೊಳ್ತೀನಿ. ಕಾಯ್ತಾ ಕೂರೋ ವಯಸ್ಸೇನೋ ಇದು?"

ನಗುತ್ತಲೇ ಹೇಳಿದ. ಶಿಮೆ ಮಾತ್ರ ಕೈಲಿದ್ದ ಕಾಫಿ ಬದಿಗಿಟ್ಟು ಸ್ಕ್ರೂಡ್ರೈವರ್ ಹುಡುಕಿದ.

ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗೆಲ್ಲ ಕೆಂಪು ಧೂಳು ಕಂಬಳಿಯಂತೆ ಹೊದ್ದಿತ್ತು. ಒರೆಸಿದ, ಊದಿದ. ಅದರ ಮೂರು ಫ್ಯಾನುಗಳನ್ನೂ ಗಾಳಿ ಹೊರಹಾಕುವಂತೆ ಅವನೇ ಎಂದೋ ಕೂರಿಸಿದ್ದ. ಗಣಿಯ ಬಾಯಲ್ಲಿ ನಿಲ್ಲಿಸುವ ಬ್ಲೋವರ್ ಎಂಬ ಯಂತ್ರ ಕೆಳಗಿನ ಮಣ್ಣನ್ನೆಲ್ಲ ಹೀರಿ ಹೊರಗೆ ಚೆಲ್ಲುತ್ತದೆ; ಹೊರಹಾಕಿದಷ್ಟೂ ಒಳ್ಳೆಯದೆಂದು ನಂಬಿಯೇ ಆ ಊರು ಬದುಕಿದ್ದು. ಅದೇ ಬುದ್ಧಿಯಿಂದ ಶಿಮೆ ನಾಲ್ಕನೆಯದೊಂದು ಪುಟ್ಟ ಫ್ಯಾನನ್ನೂ ಹೊರಮುಖವಾಗಿ ಸೇರಿಸಿದ. ಅದು ಕಣಜದ ಹುಳದಂತೆ ಕಿರುಚಿತು. ನಾಲ್ಕು ದಿನಕ್ಕೆ ಧೂಳು ಮೊದಲಿಗಿಂತ ಹೆಚ್ಚಾಯಿತು.

ಬುಧವಾರದ ಪ್ರಾರ್ಥನೆಗೆ ಅವನು ಬಂಡೆಯೊಳಗಿನ ಚರ್ಚಿಗೆ ಹೋದ. ತೀರಿಹೋದ ಹೆಂಡತಿಯ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿ ಮಂಡಿಯೂರಿದ. ಜ್ವಾಲೆ ಬಾಗಿಲಿಗೆ ಬೆನ್ನು ಹಾಕಿ ಒಳಗಡೆಗೆ ವಾಲಿತ್ತು. ಬಾಗಿಲ ಕೆಳಗಿಂದ ಬಂದ ತಣ್ಣನೆ ಗಾಳಿ ಸಾಲುಬೆಂಚುಗಳನ್ನು ದಾಟಿ, ಹಿಂದಿನ ಮೇಲ್ಗಂಡಿಯಿಂದ ಹೊರಟುಹೋಗುತ್ತಿತ್ತು. ನಲವತ್ತು ವರ್ಷ ಇದೇ ಗಾಳಿ ಕುಡಿದಿದ್ದಾನೆ, ಹೊಳೆದದ್ದು ಈಗ. ಒಳಗೆ ಬರಲು ದಾರಿ ಕೊಡದೆ ಬರೀ ಹೊರಕ್ಕೆ ಎಳೆದರೆ ಕಂಪ್ಯೂಟರಿನ ಪೆಟ್ಟಿಗೆ ಸಿಕ್ಕ ಸಿಕ್ಕ ಸಂದಿನಿಂದ ಉಸಿರೆಳೆದುಕೊಳ್ಳದೆ ಏನು ಮಾಡೀತು? ಆ ಉಸಿರಿನ ಜೊತೆಗೇ ಧೂಳು. ಪ್ರಾರ್ಥನೆ ಮುಗಿಯುವ ತನಕ ಅವನ ಮನಸ್ಸು ನಿಲ್ಲಲಿಲ್ಲ. ದೇವರು ಕ್ಷಮಿಸಲಿ ಎಂದುಕೊಂಡ.

ನಿಧಾನವಾಗಿ ತಿರುಗುವ ಎರಡು ದೊಡ್ಡ ಫ್ಯಾನುಗಳನ್ನು ತರಿಸಿದ. ಸಣ್ಣದು ಅರಚಿಕೊಂಡು ಮಾಡುವ ಕೆಲಸವನ್ನು ದೊಡ್ಡದು ಮೆಲ್ಲಗೆ ಮಾಡುತ್ತದೆ. ಅವೆರಡನ್ನೂ ಮುಂದೆ, ಕೆಳಗೆ, ಗಾಳಿ ಒಳಗೆಳೆಯುವಂತೆ ಕೂರಿಸಿ, ಎದುರಿಗೆ ತೆಳು ಜಾಲರಿ ಕಟ್ಟಿದ. ಹಳೆಯವುಗಳಲ್ಲಿ ಒಂದನ್ನು ಮಾತ್ರ ಹಿಂದೆ, ಮೇಲೆ, ಹೊರಹಾಕಲು ಇಟ್ಟ. ಒಳಬರುವುದೇ ಹೆಚ್ಚಾದರೆ ಸಂದುಗಳಿಂದ ಗಾಳಿ ಹೊರಬೀಳುತ್ತದೆ, ಧೂಳು ನುಗ್ಗದು. ಊದುಬತ್ತಿ ಹಚ್ಚಿ ಜಾಲರಿಯ ಮುಂದೆ ಹಿಡಿದ. ಹೊಗೆ ಒಳಹೊಕ್ಕು ಹಿಂದಿನಿಂದ ಹೊರಬಂತು.

ತಿಂಗಳ ಕೊನೆಯ ಭಾನುವಾರ ಆಟ ಅರ್ಧ ದಾಟಿತು.

"ಶಿಮೆ? ಹೋಯ್ತಾ ಮತ್ತೆ?"

"ಇದ್ದೀನಿ ಕಣೋ. ಫ್ಯಾನು ಸದ್ದು ಮಾಡ್ತಿಲ್ಲ, ಅಷ್ಟೆ."

"ಆ ಗಲಾಟೆ ಇದ್ದಾಗ ನೀನಿದ್ದೀಯ ಅಂತ ಗೊತ್ತಾಗ್ತಿತ್ತು. ಈಗ ಆಗಾಗ ಬಾಯಿ ಬಿಡ್ತಿರು."

ಪ್ರತಿ ನಡೆಗೂ ಶಿಮೆ "ಇದ್ದೀನಿ" ಎನ್ನುತ್ತ ಹೋದ. ಕೊನೆಗೆ ಸೋತ.

"ನೋಡಿದ್ಯಾ? ಸೋಲ್ತಿದ್ದೆ ಅಂತ ಹೇಳಿರಲಿಲ್ವಾ!" ಲೆಫ್ಟೆರಿ ಕೆಮ್ಮುವ ತನಕ ನಕ್ಕ. "ಮುಂದಿನ ವಾರ ಬಿಳಿ ಕಾಯಿ ನಿಂದು. ಮೇಷ್ಟ್ರು ಬೇಕಾದ್ರೆ ಪಕ್ಕದಲ್ಲಿ ಕೂತು ನೋಡ್ಲಿ."

ಅವನ ಕರೆ ಮುಗಿಯಿತು. ಫ್ಯಾನುಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಶಿಮೆ ಜಾಲರಿಗೆ ಅಂಟಿದ ಕೆಂಪು ಧೂಳನ್ನು ಬೆರಳಿನಿಂದ ಒರೆಸಿದ. ಆಮೇಲೆ ಯಾರೂ ಕೇಳದಿದ್ದರೂ ಇನ್ನೊಮ್ಮೆ ಹೇಳಿದ: "ಇದ್ದೀನಿ."