ಅಂಟುವಾಳದ ನೀರು

ಮುಟ್ಟಳ್ಳಿಯ ನರ್ಮದಾಳ ಬೆನ್ನ ಮೇಲೆ ಎರಡು ಗೆರೆಗಳಿವೆ. ರೈಲು ಹಳಿಯ ಹಾಗೆ ಅಕ್ಕಪಕ್ಕ, ಹೆಗಲಿಂದ ಸೊಂಟದ ತನಕ. ಬೆತ್ತದ್ದಲ್ಲ, ಬೆಲ್ಟಿನದ್ದೂ ಅಲ್ಲ. ಅವಳು ಶಾಲೆ ಮಕ್ಕಳನ್ನು ಕರೆದೊಯ್ಯುವ ವ್ಯಾನಿನ ವೈಪರನ್ನು ಗಂಡ ಶನಿಯಾರ ಬುಡದಿಂದ ತಿರುಚಿ ಕಿತ್ತು, ಅದರಿಂದಲೇ ಬಾರಿಸಿದ ಗುರುತು ಅದು. ರಬ್ಬರು ಹರಿದು ಹೋಗಿ ಒಳಗಿನ ತಗಡಿನ ಅಂಚು ಚರ್ಮಕ್ಕೆ ಸಿಕ್ಕಿತ್ತು.

ಮರುದಿನ ಹೊಸ ವೈಪರ್ ಹಾಕಿಸಲು ಶಿರಾಲಿಯ ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಕಿರಣ ಬೋಳು ಗಾಜನ್ನು ನೋಡಿದ. ಅವಳ ಕುತ್ತಿಗೆಯ ಹಿಂದೆ ಇಣುಕುತ್ತಿದ್ದ ಬಾಸುಂಡೆಯನ್ನೂ ನೋಡಿದ.

"ಎಂತ ಆತು ನರ್ಮದಕ್ಕ?"

"ಬಚ್ಚಲಲ್ಲಿ ಜಾರಿ ಬಿದ್ದೆ."

"ವೈಪರೂ ನಿಮ್ಮ ಸಂಗ್ತಿಗೇ ಬಿತ್ತಾ?"

ನರ್ಮದಾ ನಗಲಿಲ್ಲ. "ಬಾಯಿ ಆಡ್ಸೂದು ಬಿಟ್ಟು ಕೈ ಆಡ್ಸು. ಶಾಲೆ ಬಿಡೂ ಹೊತ್ತಾತು" ಅಂದಳು.

ವ್ಯಾನು ಮೊದಲು ಶನಿಯಾರನ ಕೈಯಲ್ಲೇ ಇತ್ತು. ಮೀನು, ಮದುವೆ, ಆಸ್ಪತ್ರೆ ಅಂತ ಎಲ್ಲ ಬಾಡಿಗೆಗೂ ಓಡಿಸುತ್ತಿದ್ದ. ಒಂದು ಸಂಜೆ ಕುಡಿದು ಶಿರಾಲಿಯ ಹಣ್ಣಿನಂಗಡಿಯೊಳಗೆ ನುಗ್ಗಿಸಿದ. ಅಂಗಡಿಯವನ ಕಾಲು ಮುರಿಯಿತು. ಆಮೇಲೆ ಅವನ ಗಾಡಿಗೆ ಹತ್ತುವವರು ಯಾರೂ ಉಳಿಯಲಿಲ್ಲ. ನರ್ಮದಾ ಹುಟ್ಟಿದ್ದು ಕುಮಟಾದ ಬಾಡದಲ್ಲಿ. ಮದುವೆಗೆ ಮೊದಲೇ ಅಣ್ಣ ಮಾಸ್ತಿಯ ಟೆಂಪೋದಲ್ಲಿ, ಸಮುದ್ರ ಇಳಿದ ಹೊತ್ತಿನ ಗಟ್ಟಿ ಮರಳಿನ ಮೇಲೆ ಡ್ರೈವಿಂಗ್ ಕಲಿತಿದ್ದಳು. ಹೊನ್ನಾವರಕ್ಕೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಬಂದು, ಭಟ್ಕಳದ ಶಾಲೆಗೆ ಹೋಗುವ ಮಕ್ಕಳನ್ನು ಹತ್ತಿಸಿಕೊಳ್ಳತೊಡಗಿದಳು. ತಾಯಂದಿರು ಮಕ್ಕಳನ್ನು ಅವಳಿಗೆ ಕೊಟ್ಟರು, ಅವನಿಗಲ್ಲ.

ಶನಿಯಾರನಿಗೆ ತಡೆಯಲಾಗದ್ದು ಇದೇ. ಶಿರಾಲಿಯ ಚಾದಂಗಡಿಯಲ್ಲಿ ಕೂತವರು ಬಿಡಬೇಕಲ್ಲ! "ಏನ ಶನಿಯಾರ, ಇವತ್ತು ಡ್ರೈವರಮ್ಮ ನಿನ್ನ ಇಲ್ಲೇ ಇಳಿಸಿ ಹೋದ್ಲಾ? ಸಂಜೆ ಕರ್ಕೊಂಡು ಹೋಗೂಕೆ ಬರ್ತ್ಲಾ?" ಚಾದ ಜೊತೆ ಆ ಮಾತನ್ನೂ ನುಂಗಿಕೊಂಡು ಬರುತ್ತಿದ್ದ. ಮನೆಗೆ ಬಂದವನೇ ಅದನ್ನೆಲ್ಲ ಅವಳ ಮೈಮೇಲೆ ತೀರಿಸುತ್ತಿದ್ದ. ಒಮ್ಮೆ ಬಾಗಿಲ ಸಂದಿಗೆ ಅವಳ ಬೆರಳು ಸಿಕ್ಕಿಸಿ ಬಾಗಿಲು ತಳ್ಳಿದ. ಉಗುರು ಕಿತ್ತು ಬಂತು. ಇನ್ನೊಮ್ಮೆ ಅನ್ನ ಬಸಿಯುತ್ತಿದ್ದಾಗ ಹಿಂದಿನಿಂದ ಒದ್ದ. ಗಂಜಿ ಬಿದ್ದ ಪಾದದ ಚರ್ಮ ಇವತ್ತಿಗೂ ಬಿಳಿಚಿಕೊಂಡಿದೆ. ಮತ್ತೆ ಪ್ರತಿಸಲವೂ ಒಂದೇ ಮಾತು:

"ನಿನ್ನ ಹೊಡೆದು ಎಂತ ಪ್ರಯೋಜನ? ಒಂದಿನ ಆ ಗಾಜು ಒಡೀತೆ. ಕುರುಡು ವ್ಯಾನಿಗೆ ಯಾರು ಮಕ್ಕಳ ಹತ್ತಿಸ್ತ್ರು ನೋಡ್ತೆ."

ಅವಳಿಗೆ ಬೆನ್ನಿಗಿಂತ ಗಾಜಿನದೇ ಚಿಂತೆ. ಬೆನ್ನು ಮಾಯುತ್ತದೆ, ಗಾಜು ಹೋದರೆ ಮಕ್ಕಳು ಹೋದರು, ಮಕ್ಕಳು ಹೋದರೆ ಅವಳ ಬದುಕು ಅವನ ಕೈಗೆ ಹೋಯಿತು.

ಆ ಗಾಜನ್ನು ಅವಳು ನೋಡಿಕೊಳ್ಳುತ್ತಿದ್ದ ರೀತಿ ಕಂಡರೆ ಎಂಥ ಪುಕ್ಕಲು ತಾಯಿಯೂ ಮಗುವನ್ನು ನಂಬಿ ಕಳಿಸಿಯಾಳು. ಹೈವೇ ಕೆಲಸದ ಕೆಂಪು ಧೂಳು, ಕಡಲ ಗಾಳಿಯ ಉಪ್ಪು ಎರಡೂ ಸೇರಿ ರಾತ್ರಿ ಕಳೆಯುವಷ್ಟರಲ್ಲಿ ಗಾಜಿನ ಮೇಲೆ ಪೊರೆ ಕಟ್ಟುತ್ತದೆ. ಒಣ ವೈಪರ್ ಆಡಿಸಿದರೆ ಗಾಜು ಗೀರಿ ಹೋಗುತ್ತದೆ. ಅದಕ್ಕೆ ಮೊದಲು ನೀರು ಹಾರಿಸುವುದು, ಆಮೇಲೆ ವೈಪರ್. ಬೇಸಿಗೆಯಲ್ಲಿ ವ್ಯಾನು ಬಿಸಿಲಿಗೆ ನಿಂತರೆ ರಬ್ಬರು ಕಾದ ಗಾಜಿಗೆ ಅಂಟದಂತೆ ಎರಡೂ ವೈಪರಿನ ಕೈ ಎತ್ತಿ ನಿಲ್ಲಿಸುವುದು. ನೀರು ಹಾರುವ ತೂತು ಕಟ್ಟಿದರೆ ಕರಿಮಣಿಗೆ ಸಿಕ್ಕಿಸಿಕೊಂಡ ಪಿನ್ನನ್ನು ತೆಗೆದು ಚುಚ್ಚುವುದು. ಇಷ್ಟಾದರೂ ಭಟ್ಕಳದ ಹೊರಗೆ ಬಾಡಿಗೆ ಮನೆಯಲ್ಲಿರುವ ಸುಪ್ರಿಯಾ, ಹುಬ್ಬಳ್ಳಿ ಕಡೆಯವಳು, ಒಬ್ಬನೇ ಮಗ ಅಕ್ಷಯನನ್ನು ಹತ್ತಿಸುವ ಮೊದಲು ದಿನಾ ಕೇಳುವವಳೇ: "ವೈಪರ್ ಸರಿ ಇದೆಯಲ್ಲ ನರ್ಮದಕ್ಕ?" ನರ್ಮದಾ ಒಮ್ಮೆ ಆಡಿಸಿ ತೋರಿಸುವಳು. ಆಗ ಮಾತ್ರ ಅವಳು ಮಗನ ಕೈ ಬಿಡುವಳು.

ಸುಪ್ರಿಯಾಗೆ ಗೊತ್ತಿಲ್ಲದ ಒಂದು ದಿನ ಇತ್ತು. ವ್ಯಾನು ಹಿಡಿದ ಮೇಲೆ ನರ್ಮದಾಳ ಮೊದಲ ಮಳೆಗಾಲ. ಅತ್ತೆ ಗಂಗಿ ಒಳ್ಳೆಯ ಮನಸ್ಸಿನಿಂದಲೇ ಒಣಗಿ ಬಿರುಕು ಬಿಟ್ಟಿದ್ದ ವೈಪರ್ ರಬ್ಬರಿಗೆ, ತನ್ನ ಮಂಡಿಗೆ ತಿಕ್ಕುವ ಹಾಗೆ, ತೆಂಗಿನೆಣ್ಣೆ ತಿಕ್ಕಿಟ್ಟಿದ್ದಳು. ಹೈವೇಯಲ್ಲಿ ಮಳೆ ಬಂತು. ನರ್ಮದಾ ವೈಪರ್ ಹಾಕಿದಳು. ಒಂದೇ ಸುತ್ತು, ಇಡೀ ಗಾಜಿನ ಮೇಲೆ ಹಾಲು ಚೆಲ್ಲಿದ ಹಾಗಾಯಿತು. ಆ ಹಾಲಿನೊಳಗಿಂದ ಲಾರಿಯ ದೀಪ ಊದಿಕೊಂಡು ಬಂತು. ಎಡಕ್ಕೆ ಎಳೆದಳು. ಲಾರಿ ವ್ಯಾನಿನ ಬಲಗನ್ನಡಿಯನ್ನು ಕಿತ್ತುಕೊಂಡು ಹೋಯಿತು. ಹಿಂದೆ ಮಕ್ಕಳ ಕಿರುಚಾಟ, ಒಬ್ಬರ ಮೇಲೊಬ್ಬರು. ಒಂದು ಗೇಣು ಈಚೆ ಬಂದಿದ್ದರೆ ಏನಾಗುತ್ತಿತ್ತು ಎಂದು ಬರೆಯಲು ಕೈ ಬರುವುದಿಲ್ಲ.

ಮನೆಗೆ ಬಂದು ನಡೆದದ್ದು ಹೇಳಿದ ಸೊಸೆಯ ಎದುರು ಗಂಗಿ ತಲೆ ಚಚ್ಚಿಕೊಂಡಳು. "ಒಣ ಚರ್ಮಕ್ಕೆ ಹಚ್ಚೂದು, ರಬ್ಬರಿಗೆ ಹಚ್ಚಿರೆ ಎಂತ ಆಗೂದು ಅಂದ್ಕಂಡೆ ಮಾರಾಯ್ತಿ!" ಸೋಪು ಹಾಕಿ ಉಜ್ಜಿದರೂ ಜಿಡ್ಡು ಬಿಡಲಿಲ್ಲ. ಕೊನೆಗೆ ಅತ್ತೆಯೇ ಬಚ್ಚಲಿಂದ ಅಂಟುವಾಳಕಾಯಿ ಕಿವುಚಿದ ನೀರು ತಂದಳು. "ತಲೆ ಎಣ್ಣೆ ಬಿಡ್ಸೂದು ಇದೇ ಅಲ್ದಾ? ಗಾಜಿಗೆ ಬೇರೆ ಉಂಟಾ?" ಗಾಜು ಪಳಪಳ ಹೊಳೆಯಿತು. ಅವತ್ತಿನಿಂದ ಗಾಜಿಗೆ ನೀರು ಹಾರಿಸುವ ವಾಷರ್ ಡಬ್ಬಿಗೆ ಅಂಟುವಾಳದ ನೀರೇ. ಮೊದಲ ಸಲ ಸೋಸದೆ ಹೊಯ್ದು, ಸಿಪ್ಪೆ ಕೊಳವೆಗೆ ಸಿಕ್ಕಿ, ಕಿರಣ ಸೈಕಲ್ ಪಂಪು ಹಾಕಿ ಊದಬೇಕಾಯಿತು. ಆಮೇಲಾಮೇಲೆ ಹಳೆಯ ಪಂಚೆಯಲ್ಲಿ ಸೋಸಿ ಹೊಯ್ಯುವುದು ರೂಢಿಯಾಯಿತು.

ಕಳೆದ ಆಷಾಢದ ಒಂದು ಶನಿವಾರ ಸಂಜೆ ಶನಿಯಾರ ಹೊಡೆಯುತ್ತಿದ್ದಾಗ ಮಗಳು ರಂಜಿತಾ ಅಡ್ಡ ಬಂದಳು. ಎರಡನೇ ಕ್ಲಾಸಿನ ಹುಡುಗಿ. ಅವಳ ಕೆನ್ನೆಗೂ ಬಿತ್ತು. ಓಲೆಯ ತಿರುಪು ಕಿವಿಯ ಹಿಂದೆ ನಾಟಿ ರಕ್ತ ಸುರಿಯಿತು. ತನಗೆ ಬಿದ್ದ ಏಟುಗಳಿಗೆಲ್ಲ ಬಚ್ಚಲ ಹೆಸರು ಹೇಳುತ್ತಿದ್ದ ನರ್ಮದಾಳ ಬಾಯಿಂದ ಆ ಒಂದು ಏಟಿಗೆ ಸುಳ್ಳು ಹೊರಡಲಿಲ್ಲ. ಮಗಳನ್ನು ಬಾಡದಲ್ಲಿ ಅಣ್ಣನ ಮನೆಯಲ್ಲಿ ಬಿಟ್ಟು ಬರುವುದೆಂದು ತೀರ್ಮಾನಿಸಿದಳು.

ಭಾನುವಾರ ಬೆಳಿಗ್ಗೆ ಮಗಳಿಗೆ ತಲೆಸ್ನಾನ ಮಾಡಿಸಿದಳು. "ಅಮ್ಮಾ, ಕಣ್ಣು ಉರೀತು! ಸತ್ತೆ!" ಎಂದು ಪ್ರತಿವಾರದಂತೆ ರಂಜಿತಾ ಬಚ್ಚಲು ಹಾರಿಹೋಗುವಂತೆ ಕಿರುಚಿದಳು. ಉಳಿದ ಅಂಟುವಾಳದ ನೀರನ್ನು ಸೋಸಿ, ದೂರದ ದಾರಿ ಅಂತ ವ್ಯಾನಿನ ಡಬ್ಬಿಯ ಕಂಠದ ತನಕ ಹೊಯ್ದಳು. ಹೊರಗೆ ಮಳೆ ಹೊಡೆಯುತ್ತಿತ್ತು.

ಮಗಳ ಬ್ಯಾಗು ವ್ಯಾನಿಗೆ ಹಾಕುವಾಗ ಶನಿಯಾರ ಜಗಲಿಗೆ ಬಂದ. ಬಾಯಲ್ಲಿ ಎಲೆಯಡಿಕೆಯ ಕವಳ, ಕಣ್ಣು ಕೆಂಪು.

"ಎಲ್ಲಿಗೆ?"

"ಬಾಡಕ್ಕೆ. ನಾ ಸಂಜೆಗೆ ತಿರುಗಿ ಬತ್ತೆ."

"ಊರೆಲ್ಲ ಹೇಳೂಕಾ? ಅಣ್ಣನ ಎದ್ರಿಗೆ ಸೀರೆ ಸರಿಸಿ ಬೆನ್ನು ತೋರ್ಸೂಕಾ?"

"ಮಗಳ ಕಿವಿ ತೋರ್ಸೂಕೆ."

ಅವನು ಒಳಗೆ ಹೋದ. ಹೊರಗೆ ಬರುವಾಗ ಕೈಯಲ್ಲಿ ಕಾಯಿ ಒಡೆಯುವ ಕತ್ತಿ ಇತ್ತು. ನರ್ಮದಾ ಮಗಳನ್ನು ಹಿಂದಿನ ಸೀಟಿಗೆ ದೂಡಿ, ಡ್ರೈವರ್ ಸೀಟಿಗೆ ಹಾರಿ, ಬಾಗಿಲು ಲಾಕ್ ಮಾಡಿ ಎಂಜಿನ್ ಚಾಲು ಮಾಡಿದಳು. ಅವನು ಓಡಿಬಂದು ಮುಂದಿನ ಬಂಪರ್ ಹತ್ತಿದ. ಹಳೆಯ ವ್ಯಾನು ಅದು, ಮುಂದೆ ಮೂಗಿಲ್ಲ. ಬಂಪರ್ ಹತ್ತಿದವನ ಮುಖ ನೇರ ಗಾಜಿಗೇ. ಎಡಗೈಯಲ್ಲಿ ವೈಪರಿನ ಬುಡ ಹಿಡಿದು ಜೋತಾಡುತ್ತ, ಕತ್ತಿಯ ಹಿಂಬದಿಯಿಂದ ಬೀಸಿ ಹೊಡೆದ.

ಮೊದಲ ಏಟಿಗೆ ಗಾಜು ಜೇಡರಬಲೆಯಾಯಿತು. ಎರಡನೆಯದಕ್ಕೆ ಎಡಗಡೆ ಒಂದು ತೂತು ಬಿತ್ತು. ಸಿಡಿದ ಚೂರು ನರ್ಮದಾಳ ಹುಬ್ಬಿನ ಮೇಲೆ ಕೂತು, ರಕ್ತ ರೆಪ್ಪೆಗೆ ಇಳಿಯಿತು. ಆ ತೂತಿನೊಳಗೆ ಕತ್ತಿಯ ಮೊನೆ ತೂರಿ ಬಂದು ಪಕ್ಕದ ಸೀಟಿನ ಬಟ್ಟೆ ಹರಿಯಿತು. ಹಿಂದೆ ರಂಜಿತಾ ಉಸಿರು ಕಟ್ಟಿದವಳಂತೆ ಅಳುತ್ತಿದ್ದಳು.

"ಆತಾ? ಗಾಜು ಹೋತಾ?" ಎಂದು ಕೂಗಿ ಅವನು ಬಾಯಿ ತುಂಬಿದ ಕವಳವನ್ನು ಅವಳ ಮುಖದ ನೇರಕ್ಕೆ ಗಾಜಿಗೆ ಉಗುಳಿದ. ಇಡೀ ಗಾಜು ಕೆಂಪಗಾಯಿತು.

ಅವಳು ಯೋಚಿಸಿ ಮಾಡಿದ್ದಲ್ಲ. ಎದುರು ಕಾಣದಾದರೆ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ಮೊದಲು ನೀರು. ಸ್ಟೇರಿಂಗಿನ ಪಕ್ಕದ ಕಡ್ಡಿ ಎಳೆದಳು. ಗಾಜಿನ ಕೆಳಗೆ ನೀರು ಹಾರುವ ತೂತಿನಿಂದ ಅಂಟುವಾಳದ ನೀರು ಚಿಮ್ಮಿ, ಬಗ್ಗಿದ್ದ ಅವನ ಎರಡೂ ಕಣ್ಣಿಗೆ ಹೊಡೆಯಿತು. ಆಮೇಲೆ ವೈಪರ್. ಅವನು ಹಿಡಿದಿದ್ದ ಕೈ ಸಮೇತ ಒಮ್ಮೆ ಎಳೆದು ತಿರುಚಿತು. ಅವನು ಅರಚಿದ. ಕತ್ತಿ ಜಾರಿ ಬಂಪರಿಗೆ ಬಡಿದು ಅಂಗಳಕ್ಕೆ ಬಿತ್ತು. ಅದರ ಹಿಂದೆಯೇ ಅವನೂ ಬಿದ್ದ, ಬೆನ್ನ ಮೇಲೆ, ಕೆಸರಿನಲ್ಲಿ.

ಕಣ್ಣಿಗೆ ಅಂಟುವಾಳ ಹೋದವರು ಕಣ್ಣು ತೆರೆಯಲಾರರು. ಅವನು ಮೊಣಕಾಲಲ್ಲಿ ಎದ್ದು ಮುಖ ಉಜ್ಜಿಕೊಳ್ಳುತ್ತ, ಕತ್ತಿಗಾಗಿ ನೆಲ ತಡಕುತ್ತ, ವ್ಯಾನಿನ ಚಕ್ರದ ಎದುರಿಗೇ ತೆವಳುತ್ತಿದ್ದ. "ಕೊಲ್ತೆ! ಇಬ್ರನ್ನೂ ಕೊಲ್ತೆ!"

ನರ್ಮದಾ ಮೊದಲ ಗೇರು ಹಾಕಿದಳು. ಎಂಜಿನ್ ಗುರ್‌ ಅನ್ನುತ್ತಿತ್ತು. ಎಡಗಾಲು ಕ್ಲಚ್ಚಿನ ಮೇಲಿತ್ತು. ಕಾಲು ಎತ್ತಿದರೆ ಆಯಿತು. ಒಂದು ಕುಲುಕು, ಅಷ್ಟೇ. ಕಿತ್ತ ಉಗುರು, ಸುಟ್ಟ ಪಾದ, ಬೆನ್ನ ಮೇಲಿನ ಎರಡು ಗೆರೆ, ಎಲ್ಲವೂ ಒಟ್ಟಿಗೆ ಆ ಕಾಲನ್ನು ಮೇಲಕ್ಕೆ ಎಳೆಯುತ್ತಿದ್ದವು. ಮಳೆಯಲ್ಲಿ, ಒಡೆದ ಗಾಜಿನಲ್ಲಿ ಎದುರು ಕಾಣಲಿಲ್ಲ ಅಂದರೆ ಯಾರು ಅಲ್ಲ ಅಂದಾರು?

"ಅಮ್ಮಾ" ಎಂದಳು ರಂಜಿತಾ ಹಿಂದಿನಿಂದ, ಬಿಕ್ಕುತ್ತ. "ಅಪ್ಪನ ಕಣ್ಣು ಉರೀತದೆ."

ನರ್ಮದಾ ಗೇರು ಕಿತ್ತು ರಿವರ್ಸ್ ಹಾಕಿದಳು. ವ್ಯಾನು ಹಿಂದೆ ಸರಿದು ಅಂಗಳದ ಬಾಗಿಲಿನ ದಣಪೆಯ ಕಂಬಕ್ಕೆ ತಾಗಿ ನಿಂತಿತು.

ಗಂಗಿ ಕೊಡ ಹಿಡಿದು ಓಡಿಬಂದಳು. ಮೊದಲು ಕತ್ತಿಯನ್ನು ಕಾಲಲ್ಲಿ ಮೆಟ್ಟಿದಳು, ಆಮೇಲೆ ಮಗನ ಮುಖಕ್ಕೆ ನೀರು ಸುರಿದಳು. ಅವನು ಅಬ್ಬೇ ಅಬ್ಬೇ ಎಂದು ಅವಳ ಕಾಲಿಗೆ ಜೋತುಬಿದ್ದಿದ್ದ. ಅವಳು ತಲೆ ಎತ್ತದೆ ಕೂಗಿದಳು:

"ನೀ ಹೋಗು ಹೆಣ್ಣೆ! ಇಂವ ಸಾಯೂದಿಲ್ಲ. ನೀ ಇಲ್ಲೇ ನಿಂತ್ರೆ ಯಾರಾರೂ ಒಬ್ರು ಸಾಯ್ತ್ರು. ಪೊಲೀಸರ ಕಳ್ಸು. ಕೇಳಿರೆ ನಾ ಹೇಳ್ತೆ, ಹೆತ್ತವಳೇ ಹೇಳ್ತೆ."

ನರ್ಮದಾ ಹೋದಳು. ಠಾಣೆಯಲ್ಲಿ ಹುಬ್ಬಿನ ರಕ್ತ ಒರೆಸಿಕೊಳ್ಳದೆ ನಿಂತು, ಬಚ್ಚಲ ಹೆಸರೆತ್ತದೆ ಎಲ್ಲ ಹೇಳಿದಳು. ಸಂಜೆಯೊಳಗೆ ಶನಿಯಾರನನ್ನು ಕರೆದೊಯ್ದರು. ಬಾಗಿಲಲ್ಲಿ ನಿಂತ ಗಂಗಿ ಕತ್ತಿಯನ್ನು ತಾನೇ ಪೊಲೀಸರ ಕೈಗೆ ಕೊಟ್ಟಳಂತೆ. ಕಿರಣ ಭಾನುವಾರವೂ ಗ್ಯಾರೇಜ್ ತೆಗೆದು, ಮೂಲೆಗೆ ಬಿದ್ದಿದ್ದ ಹಳೆ ವ್ಯಾನಿನ ಗಾಜು ಬಿಚ್ಚಿ, ಸೋಪಿನ ನೀರು ಹಚ್ಚಿದ ರಬ್ಬರ್ ಬೀಡಿಂಗಿನೊಳಗೆ ಕೂರಿಸಿದ. ಈ ಸಲ ಏನೂ ಕೇಳಲಿಲ್ಲ. ಕವಳದ ಕಲೆ ಕೂತ ವೈಪರ್ ರಬ್ಬರನ್ನು ತೆಗೆದು ಚರಂಡಿಗೆ ಎಸೆದು ಹೊಸದು ಹಾಕಿದ. ನರ್ಮದಾ ಶರಾವತಿಯ ಸೇತುವೆ ದಾಟಿ, ಮಗಳನ್ನು ಬಾಡದಲ್ಲಿ ಬಿಟ್ಟು, ಮರುದಿನ ನಸುಕಿಗೇ ಹಿಂದೆ ಹೊರಟಳು.

ಸುದ್ದಿ ಅವಳಿಗಿಂತ ಮೊದಲೇ ಊರು ಸುತ್ತಿತ್ತು. ಮೊದಲ ಮನೆಯಲ್ಲಿ ಬಾಗಿಲು ತೆರೆಯಲೇ ಇಲ್ಲ. ಎರಡನೆಯದರಲ್ಲಿ "ಇವತ್ತು ಅವನಿಗೆ ಜ್ವರ" ಅಂದರು. ಜ್ವರದ ಹುಡುಗ ಕಿಟಕಿಯಿಂದ ಕೈಬೀಸಿದ. ಗಾಜು ಇತ್ತು, ವೈಪರ್ ಇತ್ತು, ಹತ್ತುವವರೇ ಇರಲಿಲ್ಲ. ಶನಿಯಾರ ಹೇಳಿದ್ದೇ ಆಯಿತಲ್ಲ ಎಂದುಕೊಂಡು ನರ್ಮದಾ ವ್ಯಾನು ಮುಂದೆ ಬಿಟ್ಟಳು.

ಸುಪ್ರಿಯಾ ಮಾತ್ರ ಗೇಟಿನ ಹೊರಗೆ ಕೊಡೆ ಹಿಡಿದು ನಿಂತಿದ್ದಳು, ಅಕ್ಷಯನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು. ಇಡೀ ರಾತ್ರಿ ನಿದ್ದೆ ಬಿಟ್ಟ ಮುಖ. ನರ್ಮದಾಳ ಹುಬ್ಬಿನ ಪಟ್ಟಿ ನೋಡಿದಳು, ಹರಿದ ಸೀಟು ನೋಡಿದಳು.

"ಕೇಳಿರಬೇಕು ನೀವು" ಎಂದಳು ನರ್ಮದಾ. "ಎಲ್ಲ ನಿಜವೇ. ಅವರೀಗ ಠಾಣೆಯ ಒಳಗಿದ್ರು. ಎಷ್ಟು ದಿನ ಅಂತ ನನಗೆ ಗೊತ್ತಿಲ್ಲ. ಹಿಂದಿನ ಮನೆಯಲ್ಲಿ ಹುಡುಗನಿಗೆ ಜ್ವರ ಅಂದ್ರು, ಅಂವ ಕಿಟಕಿಯಿಂದ ಕೈಬೀಸ್ದ. ಕಳಿಸೂದು ಬಿಡೂದು ನಿಮಗೆ ಬಿಟ್ಟದ್ದು."

ಸುಪ್ರಿಯಾ ಗಾಜಿನ ಕಡೆ ನೋಡಿ, "ವೈಪರ್ ಸರಿ ಇದೆಯಲ್ಲ ನರ್ಮದಕ್ಕ?" ಅಂದಳು.

ನರ್ಮದಾ ಕಡ್ಡಿ ಎಳೆದಳು. ನೀರು ಹಾರಿತು, ವೈಪರ್ ಒಮ್ಮೆ ಹೋಗಿ ಬಂತು.

ಸುಪ್ರಿಯಾ ಮಗನ ಕೈ ಬಿಡಲಿಲ್ಲ. ಕೊಡೆ ಮಡಚಿ, ಮುಂದಿನ ಬಾಗಿಲು ತೆಗೆದು, ಹರಿದ ಸೀಟಿನಲ್ಲಿ ತಾನೇ ಕೂತು ಮಗನನ್ನು ಹಿಂದಕ್ಕೆ ದಾಟಿಸಿದಳು. "ನನಗೆ ಹೆದರಿಕೆಯೇ ನರ್ಮದಕ್ಕ. ಇವತ್ತು ನಾನೂ ಬರ್ತೀನಿ" ಎಂದಳು. "ಆ ಜ್ವರದ ಹುಡುಗನ ಮನೆ ಎದುರು ಇನ್ನೊಮ್ಮೆ ನಿಲ್ಲಿಸಿ. ಅವನಮ್ಮನ ಹತ್ತಿರ ನಾನು ಮಾತಾಡ್ತೀನಿ."

ನರ್ಮದಾ ವ್ಯಾನು ತಿರುಗಿಸಿದಳು.